ಶಾಲೆಯ ಆಟದ ಅವಧಿ: ಅಂಗಳದ ತಯಾರಿಯಿಂದ ಪ್ರಥಮ ಚಿಕಿತ್ಸೆಯವರೆಗೆ

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತೆ ಓಡಾಡಿ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೂ ಶಾಲೆಯೊಂದಕ್ಕೆ ಇರಲೇಬೇಕಾದ ಸೌಕರ್ಯಗಳ ಪಟ್ಟಿಯಲ್ಲಿ ಆಟದ ಮೈದಾನವನ್ನೂ ಆಟದ ಸಾಮಗ್ರಿಯನ್ನೂ ಸೇರಿಸಿದೆ. ಹೀಗಿದ್ದರೂ ಮಗುವೊಂದು ಬಿದ್ದು ಕೈ ಮುರಿದುಕೊಂಡರೆ ಕೆಲವು ಶಾಲೆಗಳಲ್ಲಿ ಆಟದ ಅವಧಿಯನ್ನೇ ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದುಂಟು. ಇದು ಸರಿಯಾದ ಪರಿಹಾರವಲ್ಲ. ಅಂಗಳದ ಸ್ಥಿತಿ, ಆಡಿಸುವ ಹೊತ್ತು ಮತ್ತು ಬಿದ್ದ ಮಗುವಿಗೆ ಮೊದಲ ಹತ್ತು ನಿಮಿಷದಲ್ಲಿ ಸಿಗುವ ಆರೈಕೆ, ಈ ಮೂರೂ ಶಾಲೆಯ ಕೈಯಲ್ಲಿಯೇ ಇರುವ ಸಂಗತಿಗಳಾಗಿದ್ದು, ಅವನ್ನು ಸರಿಪಡಿಸಿಕೊಂಡರೆ ಆಟವನ್ನು ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ. ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ತರಗತಿ ಶಿಕ್ಷಕರೇ ಆಟ ಆಡಿಸಬೇಕಾಗಿರುವುದರಿಂದ, ಅವರನ್ನೂ ಎಸ್‌ಡಿಎಂಸಿ ಎಂದು ಕರೆಯಲಾಗುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಪಾಲಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಮಕ್ಕಳ ಪಟ್ಟಿ

ಶೈಕ್ಷಣಿಕ ವರ್ಷ ಆರಂಭವಾದ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ ಯಾವ ಮಗುವಿಗೆ ಯಾವ ಆರೋಗ್ಯ ಸಮಸ್ಯೆಯಿದೆ ಎಂಬುದನ್ನು ಪೋಷಕರನ್ನು ಕೇಳಿ ಬರೆದಿಟ್ಟುಕೊಳ್ಳುವುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂಬ ನಿಯಮವಿದ್ದು, ಆ ತಪಾಸಣೆಯಲ್ಲಿ ಕಂಡುಬಂದ ಹೃದಯದ ತೊಂದರೆ, ರಕ್ತಹೀನತೆ, ದೃಷ್ಟಿದೋಷ ಮುಂತಾದವುಗಳ ವಿವರ ಕಡತದಲ್ಲಿ ಉಳಿದುಬಿಡದೆ ಆಟ ಆಡಿಸುವ ಶಿಕ್ಷಕರಿಗೂ ತಿಳಿದಿರಬೇಕು. ಅಸ್ತಮಾ ಇರುವ ಮಗುವಿನ ಇನ್‌ಹೇಲರ್, ಅಂದರೆ ಔಷಧವನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳುವ ಸಾಧನ, ಮೈದಾನದ ಬದಿಯಲ್ಲಿ ಕೈಗೆಟುಕುವಂತಿರಬೇಕು. ಈ ಪಟ್ಟಿಯ ಉದ್ದೇಶ ಮಕ್ಕಳನ್ನು ಆಟದಿಂದ ಹೊರಗಿಡುವುದಲ್ಲ; ವೈದ್ಯರು ಒಪ್ಪಿದ ಮಟ್ಟಿಗೆ ಪ್ರತಿ ಮಗುವನ್ನೂ ಆಡಿಸುವುದು. ಓಡಲಾಗದ ಮಗು ಲಗೋರಿಯಲ್ಲಿ ಗುರಿಯಿಟ್ಟು ಚೆಂಡೆಸೆಯಬಲ್ಲದು, ಖೊ-ಖೊದಲ್ಲಿ ಅಂಕ ಬರೆಯಬಲ್ಲದು, ಸೀಟಿ ಊದಬಲ್ಲದು.

ಅಂಗಳವನ್ನು ಸಿದ್ಧಪಡಿಸುವ ಬಗೆ

ಆಡಿಸುವ ಮುನ್ನ ಶಿಕ್ಷಕರೊಬ್ಬರು ನಾಲ್ಕು ಹಿರಿಯ ಮಕ್ಕಳೊಂದಿಗೆ ಅಂಗಳವನ್ನು ಒಂದು ಸುತ್ತು ನಡೆದು ಬರುವುದು ಐದು ನಿಮಿಷದ ಕೆಲಸ. ಊರಿನ ಜನ ಸಂಜೆ ಮತ್ತು ರಜಾದಿನಗಳಲ್ಲಿ ಶಾಲೆಯ ಅಂಗಳವನ್ನು ಬಳಸುವುದು ಸಾಮಾನ್ಯವಾದ್ದರಿಂದ ಒಡೆದ ಬಾಟಲಿಯ ಚೂರು, ಮೊಳೆ, ಶಾಮಿಯಾನದ ಗೂಟ ನೆಟ್ಟ ಕುಳಿ ಇವು ಸೋಮವಾರ ಬೆಳಿಗ್ಗೆ ಹೆಚ್ಚಾಗಿ ಸಿಗುತ್ತವೆ. ಬರಿಗಾಲಲ್ಲಿ ಓಡುವ ಮಕ್ಕಳಿಗೆ ಇವುಗಳೇ ದೊಡ್ಡ ಅಪಾಯ. ನೀರಿನ ಸಂಪಿನ ಮುಚ್ಚಳ ಭದ್ರವಾಗಿದೆಯೇ, ಗೋಲು ಕಂಬಗಳು ಅಲುಗಾಡುತ್ತಿವೆಯೇ, ಖೊ-ಖೊ ಕಂಬದಲ್ಲಿ ಸಿಬಿರು ಎದ್ದಿದೆಯೇ ಎಂಬುದನ್ನು ಕೈಯಿಂದ ಮುಟ್ಟಿ, ತಳ್ಳಿ ನೋಡಬೇಕು. ನೆಲಕ್ಕೆ ಭದ್ರವಾಗಿ ಹೂಳದ ಗೋಲು ಕಂಬಕ್ಕೆ ಮಕ್ಕಳು ಜೋತುಬಿದ್ದಾಗ ಅದು ಅವರ ಮೇಲೆಯೇ ಮಗುಚಿಕೊಳ್ಳುವುದರಿಂದ, ಅಂತಹ ಕಂಬವನ್ನು ಸರಿಪಡಿಸುವವರೆಗೆ ಮಲಗಿಸಿಡುವುದು ಲೇಸು.

ಗೆರೆ ಎಳೆಯುವ ವಿಷಯದಲ್ಲಿ ನಡೆಯುವ ಒಂದು ತಪ್ಪನ್ನು ವಿಶೇಷವಾಗಿ ಹೇಳಬೇಕಾಗಿದೆ. ಗೋಡೆಗೆ ಬಳಿಯುವ ಸುಣ್ಣದ ಪುಡಿಯನ್ನೇ ಅಂಕಣದ ಗೆರೆಗೂ ಉದುರಿಸುವ ರೂಢಿ ಅನೇಕ ಕಡೆ ಇದ್ದು, ಸುಣ್ಣವು ಪ್ರಬಲ ಕ್ಷಾರ, ಅಂದರೆ ಜೀವಕೋಶಗಳನ್ನು ಸುಡುವ ಗುಣವುಳ್ಳ ವಸ್ತುವಾದ್ದರಿಂದ ಕಬಡ್ಡಿಯಲ್ಲಿ ಮುಖ ಅಡಿಯಾಗಿ ಬಿದ್ದ ಮಗುವಿನ ಕಣ್ಣಿಗೆ ಅದು ಹೊಕ್ಕರೆ ದೃಷ್ಟಿಯೇ ಹೋಗಬಹುದು. ಸೀಮೆಸುಣ್ಣದ ಪುಡಿಯನ್ನೋ ರಂಗೋಲಿ ಪುಡಿಯನ್ನೋ ಬಳಸಿದರೆ ಅಥವಾ ಹಗ್ಗ ಹಾಸಿದರೆ ಈ ಅಪಾಯವಿರುವುದಿಲ್ಲ. ಆದರೂ ಸುಣ್ಣ ಕಣ್ಣಿಗೆ ಬಿದ್ದಾಗ ಉಜ್ಜಲು ಬಿಡದೆ, ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 20 ನಿಮಿಷ ಸುರಿಯುತ್ತಲೇ ಇದ್ದು, ಬಳಿಕ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಹೊತ್ತು, ನೀರು, ಬಟ್ಟೆ

ಹೋಬಳಿ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಹೆಚ್ಚಾಗಿ ಮಳೆಗಾಲದಲ್ಲಿ ನಡೆಯುವುದರಿಂದ ಮಲೆನಾಡು ಮತ್ತು ಕರಾವಳಿಯಲ್ಲಿ ಪಾಚಿಗಟ್ಟಿದ ಅಂಗಳ ಜಾರುತ್ತದೆ. ಕಲಬುರಗಿ, ರಾಯಚೂರು ಕಡೆ ಮಾರ್ಚ್ ಬಂತೆಂದರೆ ಬಿಸಿಲೇ ಶತ್ರು. ಬಿಸಿಲ ತಿಂಗಳುಗಳಲ್ಲಿ ಓಟ, ಕಬಡ್ಡಿಯಂತಹ ಆಟಗಳನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಮರದ ನೆರಳಲ್ಲಿ ಕುಂಟೆಬಿಲ್ಲೆ, ಚೌಕಾಬಾರ ಆಡಿಸಬಹುದು. ಬಾಯಾರಿಕೆಯೆಂದು ಮಗು ಹೇಳುವವರೆಗೆ ಕಾಯದೆ ಪ್ರತಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ನೀರು ಕುಡಿಸಬೇಕು. ಗುಡುಗು ಕೇಳಿದೊಡನೆ ಆಟ ನಿಲ್ಲಿಸಿ ಮಕ್ಕಳನ್ನು ಮರದ ಕೆಳಗಲ್ಲದೆ ಕೊಠಡಿಯೊಳಗೆ ಸೇರಿಸಬೇಕು. ಕೊನೆಯ ಗುಡುಗು ಕೇಳಿಸಿ ಅರ್ಧ ಗಂಟೆ ಕಳೆಯುವ ಮುನ್ನ ಹೊರಗೆ ಬಿಡಬಾರದು. ಬಿಸಿಯೂಟವಾದ ಮೇಲೆ ಒಂದು ಗಂಟೆಯಾದರೂ ಬಿರುಸಿನ ಆಟ ಬೇಡ. ಮನೆಯಿಂದ ಏನೂ ತಿನ್ನದೆ ಬರುವ ಮಕ್ಕಳು ಪ್ರತಿ ಶಾಲೆಯಲ್ಲಿಯೂ ಇರುತ್ತಾರೆ. ಆದ್ದರಿಂದ ಶನಿವಾರದ ಸಾಮೂಹಿಕ ಕವಾಯತಿಗೆ ಮುಂಚೆ ಯಾರು ತಿಂಡಿ ತಿಂದಿಲ್ಲವೆಂದು ನಾಲ್ಕು ಜನರ ಎದುರಿಗಲ್ಲದೆ ಮೆಲ್ಲಗೆ ವಿಚಾರಿಸಿ, 2013ರಿಂದ ಜಾರಿಯಲ್ಲಿರುವ ಕ್ಷೀರಭಾಗ್ಯದ ಹಾಲನ್ನು ಕವಾಯತಿಗೆ ಮೊದಲೇ ಕೊಡುವಂತಾದರೆ ತಲೆಸುತ್ತಿ ಬೀಳುವ ಪ್ರಸಂಗಗಳು ಕಡಿಮೆಯಾಗುತ್ತವೆ. ಬಳೆ, ಓಲೆ, ಕೊರಳಿನ ದಾರಗಳನ್ನು ತೆಗೆಸುವುದು, ಉಗುರು ಕತ್ತರಿಸಿಕೊಂಡು ಬರಲು ಹಿಂದಿನ ದಿನವೇ ಹೇಳುವುದು ಚಿಕ್ಕ ಕೆಲಸಗಳಾದರೂ ಬಿಡುವಂತಿಲ್ಲ.

ಆಡಿಸುವಾಗ

ಐದು ನಿಮಿಷ ಮೈ ಬಿಸಿಮಾಡುವ ನಡಿಗೆ ಮತ್ತು ಹಗುರ ಓಟದ ಬಳಿಕವೇ ಆಟ ಆರಂಭವಾಗಬೇಕು. ಕಬಡ್ಡಿಯಲ್ಲಿ ತಂಡಗಳನ್ನು ತರಗತಿಯ ಲೆಕ್ಕದಲ್ಲಿ ಮಾಡುವುದಕ್ಕಿಂತ ಎತ್ತರ ಮತ್ತು ತೂಕ ನೋಡಿ ಮಾಡುವುದು ಮೇಲು, ಏಕೆಂದರೆ ಏಳನೆಯ ತರಗತಿಯೊಂದರಲ್ಲಿಯೇ ಒಂದು ಮಗು ಇನ್ನೊಂದರ ಒಂದೂವರೆಪಟ್ಟು ತೂಗುವುದುಂಟು. ದಾಳಿಗೆ ಬಂದವರ ಬಾಯಿ ಮುಚ್ಚುವುದು, ಕತ್ತು ಹಿಸುಕುವುದು ಕಬಡ್ಡಿಯ ನಿಯಮದ ಪ್ರಕಾರವೇ ತಪ್ಪು ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ತಿಳಿಸಬೇಕು. ಖೊ-ಖೊದಲ್ಲಿ ಪೆಟ್ಟು ಹೆಚ್ಚಾಗಿ ಬೀಳುವುದು ಕಂಬದ ತಿರುವಿನಲ್ಲಿ. ಅಲ್ಲಿ ತಿರುಗುವುದನ್ನು ನಡಿಗೆಯಲ್ಲಿಯೇ ಹಲವು ಬಾರಿ ಅಭ್ಯಾಸ ಮಾಡಿಸಿ, ಆಮೇಲೆ ಓಡಿಸಬೇಕು.

ತಡವಾಗಿ ಬಂದ, ಮನೆಗೆಲಸ ಮಾಡದ ಮಗುವಿಗೆ ಮೈದಾನ ಸುತ್ತಿಸುವುದು, ಬಸ್ಕಿ ಹೊಡೆಸುವುದು ಇನ್ನೂ ನಿಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದು, ಓಟವೇ ಶಿಕ್ಷೆಯಾದ ಶಾಲೆಯಲ್ಲಿ ಮಗು ಓಟವನ್ನು ಪ್ರೀತಿಸಲು ಹೇಗೆ ತಾನೇ ಸಾಧ್ಯ? ತಂಡ ಆರಿಸುವ ಹೊಣೆಯನ್ನು ಇಬ್ಬರು ನಾಯಕರಿಗೆ ಬಿಟ್ಟು, ಕೊನೆಗೆ ಯಾರಿಗೂ ಬೇಡವಾಗಿ ಉಳಿದ ಮಗು ತಲೆತಗ್ಗಿಸಿ ನಿಲ್ಲುವಂತೆ ಮಾಡುವುದೂ ಒಂದು ಬಗೆಯ ಗಾಯವೇ. ಎಣಿಕೆಯ ಮೂಲಕ ತಂಡ ಮಾಡಿದರೆ ಅದು ತಪ್ಪುತ್ತದೆ.

ಮಗು ಬಿದ್ದಾಗ

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮುಖ್ಯ ಶಿಕ್ಷಕರ ಬೀರುವಿನೊಳಗೆ ಬೀಗ ಹಾಕಿಕೊಂಡಿದ್ದರೆ ಪ್ರಯೋಜನವಿಲ್ಲ; ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ತ್ರಿಕೋನಾಕಾರದ ಬಟ್ಟೆ, ಕತ್ತರಿ, ಸೋಪು, ಕೈಗವಸು, ಓಆರ್‌ಎಸ್ ಪೊಟ್ಟಣಗಳಿರುವ ಪೆಟ್ಟಿಗೆ ಆಟ ನಡೆಯುವಷ್ಟು ಹೊತ್ತೂ ಅಂಗಳದಲ್ಲಿಯೇ ಇರಬೇಕು. ತರಚಿದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆದರೆ ಸಾಕು, ಅರಿಶಿನ, ಕಾಫಿಪುಡಿ ಮೆತ್ತುವುದು ಬೇಡ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಮೂಗಿನಲ್ಲಿ ರಕ್ತ ಬಂದಾಗ ತಲೆಯನ್ನು ಹಿಂದಕ್ಕಲ್ಲ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಅಷ್ಟೇ ಹೊತ್ತು ಒತ್ತಿ ಹಿಡಿದು ಬಾಯಿಂದ ಉಸಿರಾಡಿಸಬೇಕು. ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಿದ್ದರೆ ಬೇರನ್ನು ಮುಟ್ಟದೆ ಎತ್ತಿ, ಸಕ್ಕರೆ ಬೆರೆಸದ ಹಾಲಿನಲ್ಲಿಟ್ಟು, ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿದರೆ ಅದು ಮತ್ತೆ ಕೂಡಿಕೊಳ್ಳುವ ಸಂಭವವಿರುತ್ತದೆ.

ಕೈಕಾಲು ಊದಿಕೊಂಡಾಗ ಎಣ್ಣೆ ಹಚ್ಚಿ ನೀವಿಸುವ, ನಾಟಿ ಕಟ್ಟು ಕಟ್ಟಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಆದರೆ ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಬೆಳವಣಿಗೆ ಫಲಕವೆಂಬ ಮೃದ್ವಸ್ಥಿಯ ಪದರವಿದ್ದು, ಮೂಳೆ ಉದ್ದವಾಗುವುದು ಅಲ್ಲಿಂದಲೇ ಆದ್ದರಿಂದ, ಅದಕ್ಕಾದ ಪೆಟ್ಟನ್ನು ಉಳುಕೆಂದು ತಿಳಿದು ನೀವಿದರೆ ಕೈಯೋ ಕಾಲೋ ಮುಂದೆ ಸೊಟ್ಟಗೆ ಅಥವಾ ಗಿಡ್ಡಗೆ ಬೆಳೆಯಬಹುದು. ಪೆಟ್ಟಾದ ಭಾಗವನ್ನು ಅಳ್ಳಾಡಿಸದೆ, ಮರದ ಅಳತೆಪಟ್ಟಿ ಅಥವಾ ದಪ್ಪ ರಟ್ಟನ್ನು ಆಸರೆಯಾಗಿಟ್ಟು ಸಡಿಲವಾಗಿ ಕಟ್ಟಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದೊಯ್ಯುವುದೊಂದೇ ದಾರಿ.

ತಲೆಗೆ ಪೆಟ್ಟು ಬಿದ್ದ ಮಗು ಎದ್ದು ನಗುತ್ತಿದ್ದರೂ ಆ ದಿನ ಮತ್ತೆ ಆಡಬಾರದು. ವಾಂತಿ, ಮಂಪರು, ತಡವರಿಸುವ ಮಾತು, ಹೆಚ್ಚುತ್ತಲೇ ಹೋಗುವ ತಲೆನೋವು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದಾದ್ದರಿಂದ ಪೋಷಕರಿಗೆ ಅಂದೇ ತಿಳಿಸಬೇಕು. ಬೈಸಿಕೊಳ್ಳುವ ಭಯದಿಂದ ಮುಚ್ಚಿಟ್ಟ ಪೆಟ್ಟು ರಾತ್ರಿ ಮನೆಯಲ್ಲಿ ಪ್ರಾಣಕ್ಕೇ ಎರವಾಗಬಹುದು. ಮೂರ್ಛೆರೋಗದಿಂದ ಮೈ ಸೆಟೆದು ಅದುರತೊಡಗಿದ ಮಗುವಿನ ಕೈಗೆ ಕಬ್ಬಿಣ ಕೊಡುವುದಾಗಲಿ ಬಾಯಿಗೆ ಚಮಚ ತುರುಕುವುದಾಗಲಿ ಸಲ್ಲದು. ಒಂದು ಮಗ್ಗುಲಿಗೆ ಹೊರಳಿಸಿ, ಸುತ್ತಲಿನ ಕಲ್ಲು, ಬೆಂಚು ಸರಿಸಿ, ಐದು ನಿಮಿಷದೊಳಗೆ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಬಿಸಿಲಿಗೆ ಬಳಲಿದ ಮಗುವನ್ನು ನೆರಳಿಗೆ ತಂದು, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದಂತೆ ಕಲಸಿದ ಓಆರ್‌ಎಸ್ ಕುಡಿಸಬಹುದಾದರೂ, ಮೈ ಕೆಂಡದಂತೆ ಸುಡುತ್ತಾ ಮಗು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದು ಬಿಸಿಲಾಘಾತ; ಆಗ ಬಾಯಿಗೆ ಏನೂ ಹಾಕದೆ, ಮೈಗೆ ನೀರು ಸುರಿದು ಗಾಳಿ ಬೀಸುತ್ತಾ 108ರ ವಾಹನ ಕರೆಸಬೇಕು. ಅಂಗಳಕ್ಕೆ ನುಗ್ಗಿದ ನಾಯಿ ಕಚ್ಚಿದರೆ, ಬರೀ ಪರಚಿದರೂ ಸಹ, 15 ನಿಮಿಷ ಸೋಪು ನೀರಿನಿಂದ ತೊಳೆದು ಅಂದೇ ರೇಬೀಸ್ ಲಸಿಕೆ ಆರಂಭಿಸಬೇಕು.

ಬೇರೆ ಊರಿನ ಕ್ರೀಡಾಕೂಟಕ್ಕೆ

ಸರಕು ಸಾಗಿಸುವ ವಾಹನದಲ್ಲಾಗಲಿ ಟ್ರ್ಯಾಕ್ಟರ್ ಟ್ರೈಲರಿನಲ್ಲಾಗಲಿ ಮಕ್ಕಳನ್ನು ತುಂಬಿಕೊಂಡು ಹೋಗಬಾರದು. ಹೆಣ್ಣುಮಕ್ಕಳಿರುವ ತಂಡದೊಂದಿಗೆ ಶಿಕ್ಷಕಿಯೊಬ್ಬರು ಇರಬೇಕು. ಬಟ್ಟೆ ಬದಲಿಸಲು ಮುಚ್ಚಿದ ಕೊಠಡಿಯಿದೆಯೇ, ಶೌಚಾಲಯಕ್ಕೆ ನೀರಿದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಯಾರಾದರೂ ಅಸಭ್ಯವಾಗಿ ಮುಟ್ಟಿದರೆಂದು ಮಗು ಹೇಳಿಕೊಂಡಾಗ ಶಾಲೆಯ ಹೆಸರು ಕೆಡುತ್ತದೆಂದು ಸುಮ್ಮನಾಗುವಂತಿಲ್ಲ: ಪೋಕ್ಸೋ ಎಂದು ಕರೆಯಲಾಗುವ 2012ರ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಮಕ್ಕಳಿಗೆ ಬಾಯಿಪಾಠವಾಗಿರಬೇಕು.

ಮುಖ್ಯ ಶಿಕ್ಷಕರೂ ಎಸ್‌ಡಿಎಂಸಿ ಅಧ್ಯಕ್ಷರೂ ಬರುವ ಶನಿವಾರ ಕವಾಯತಿಗೆ ಅರ್ಧ ಗಂಟೆ ಮುಂಚೆ ಬಂದು, ತಮ್ಮ ಶಾಲೆಯ ಅಂಗಳವನ್ನು ಬರಿಗಾಲಲ್ಲಿ ಒಂದು ಸುತ್ತು ನಡೆದು ನೋಡಬೇಕೆಂಬುದು ಈ ಲೇಖನದ ವಿನಂತಿ.