ಕೃಷ್ಣೆಯ ಗಡ್ಡಿಗಳಿಗೆ ಹೊರಟವರು ಮಾಡಬೇಕಾದ್ದು, ಮಾಡಬಾರದ್ದು

ಯಾದಗಿರಿ, ಶಹಾಪುರ, ಸುರಪುರದಿಂದ ಕೃಷ್ಣೆಯ ಗಡ್ಡಿಗಳಿಗೆ, ಅಂದರೆ ಕುರುವಪುರ, ನಾರದಗಡ್ಡೆಯಂಥ ನಡುಗಡ್ಡೆಗಳಿಗೆ ಹೊರಡುವವರು ಮೊದಲು ಬಸವಸಾಗರ ಅಣೆಕಟ್ಟೆಯ ಹೊರಹರಿವು ಎಷ್ಟೆಂದು ವಿಚಾರಿಸಿ. ತಿಥಿ, ರಜೆ, ಗಾಡಿ ಬಾಡಿಗೆಯ ಮಾತೆಲ್ಲ ಆಮೇಲೆ.

ಆಕಾಶ ನೋಡಿ ಹೊಳೆಯನ್ನು ಅಳೆಯಬೇಡಿ. ನಮ್ಮ ಕಡೆ ಹನಿ ಮಳೆ ಇಲ್ಲದೆ ತೊಗರಿ ಬಾಡುತ್ತಿರುವ ದಿನವೇ ಕೃಷ್ಣೆ ದಡ ಮೀರಿ ಬಂದದ್ದುಂಟು. ಈ ನೀರು ಮಹಾಬಳೇಶ್ವರ, ಸಾತಾರಾ, ಸಾಂಗ್ಲಿಯ ಮಳೆಯದು. ಆಲಮಟ್ಟಿಯಲ್ಲಿ 123 ಟಿಎಂಸಿ ನಿಲ್ಲುತ್ತದೆ. ಅದರ ಕೆಳಗಿನ ನಾರಾಯಣಪುರದ ಬಸವಸಾಗರದಲ್ಲಿ ನಿಲ್ಲುವುದು ಸುಮಾರು 33 ಟಿಎಂಸಿ ಮಾತ್ರ. ಮೇಲಿನಿಂದ ದೊಡ್ಡ ನೀರು ಬಂತೆಂದರೆ ಇಲ್ಲಿ ಹಿಡಿದಿಡಲು ಜಾಗವಿಲ್ಲ, ಗೇಟು ಎತ್ತಲೇಬೇಕು. ಒಂದು ಲಕ್ಷ ಕ್ಯುಸೆಕ್ ಎಂದು ಪತ್ರಿಕೆಯಲ್ಲಿ ಓದಿ ಪುಟ ತಿರುವುತ್ತೇವಲ್ಲ, ಅದು ಸೆಕೆಂಡಿಗೆ 28 ಲಕ್ಷ ಲೀಟರ್ ನೀರು. 2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ ಬಿಟ್ಟ ನೀರು 5 ಲಕ್ಷ ಕ್ಯುಸೆಕ್ ದಾಟಿತ್ತು. ಶಹಾಪುರ ತಾಲ್ಲೂಕಿನ ಕೊಳ್ಳೂರು (ಎಂ) ಮತ್ತು ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ನಡುವಿನ ಸೇತುವೆ ಆಗ ನೀರಿನಡಿ ಹೋಗಿತ್ತು.

ಕುರುವಪುರದ ಯಾತ್ರಿಕರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಆ ಗಡ್ಡಿ ಇರುವುದು ಭೀಮೆಯು ಕೃಷ್ಣೆಯನ್ನು ಕೂಡಿದ ಮೇಲೆ, ಸಂಗಮದ ಕೆಳಗೆ. ಬಸವಸಾಗರದ ಗೇಟು ಮುಚ್ಚಿದ್ದರೂ ಉಜನಿ ಅಣೆಕಟ್ಟೆಯಿಂದ ಭೀಮೆಗೆ ನೀರು ಬಿಟ್ಟಿದ್ದರೆ ಅಲ್ಲಿ ಹೊಳೆ ಏರುತ್ತದೆ. ಸನ್ನತಿ ಬ್ಯಾರೇಜಿನಿಂದ ಎಷ್ಟು ಹರಿಯುತ್ತಿದೆ ಎಂದು ಕೇಳದೆ ಯಾದಗಿರಿಯವರು ರೈಲು ಹತ್ತಬಾರದು. ಭೀಮೆ ಹರಿಯುವುದು ನಿಮ್ಮ ಊರಿನ ಪಕ್ಕದಲ್ಲೇ; ಹೊರಡುವ ಬೆಳಿಗ್ಗೆ ಸೇತುವೆಯ ಮೇಲೆ ನಿಂತು ಒಮ್ಮೆ ನೋಡಿ ಹೋಗುವುದು ಕಷ್ಟವೇನಲ್ಲ.

ಜೂನ್‌ನಿಂದ ಅಕ್ಟೋಬರ್ ಮುಗಿಯುವವರೆಗೆ ತೆಪ್ಪ, ದೋಣಿ ಯಾವುದನ್ನೂ ಹತ್ತಬೇಡಿ. ಹೊಳೆ ನೋಡಲು ಚೆಂದ ಕಾಣುವುದು ಇದೇ ತಿಂಗಳುಗಳಲ್ಲಿ ಎಂಬುದು ನನಗೂ ಗೊತ್ತು. ನಾರಾಯಣಪುರದ ಗೇಟುಗಳಿಂದ ನೀರು ಹಾರುವುದನ್ನು, ಜಲದುರ್ಗದ ಕೆಳಗೆ ಹೊಳೆ ಕವಲೊಡೆದು ಬಂಡೆಗೆ ಬಡಿಯುವುದನ್ನು ನೋಡಬೇಕೆನ್ನುವ ಆಸೆ ತಪ್ಪಲ್ಲ. ನೋಡಿ, ದೂರದ ಎತ್ತರದ ದಡದಲ್ಲಿ ನಿಂತು ನೋಡಿ. ದಾಟುವುದಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ದತ್ತ ಜಯಂತಿಯೂ ಡಿಸೆಂಬರ್ ಸುತ್ತಲೇ ಬರುತ್ತದೆ. ಕಷ್ಟ ಇರುವುದು ಗುರುದ್ವಾದಶಿಯದು: ಕುರುವಪುರದ ದತ್ತ ಗುರು ಶ್ರೀಪಾದ ಶ್ರೀವಲ್ಲಭರು ಕೃಷ್ಣೆಯಲ್ಲಿ ಅಂತರ್ಧಾನರಾದರೆಂದು ಭಕ್ತರು ನಂಬುವ ಆ ಆಶ್ವಯುಜ ಬಹುಳ ದ್ವಾದಶಿ ದೀಪಾವಳಿಯ ಮುನ್ನ ಬೀಳುತ್ತದೆ. ಹಿಂಗಾರು ಜೋರಾದ ವರ್ಷ ಆಗಲೂ ಹೊಳೆ ಇಳಿದಿರುವುದಿಲ್ಲ. ಅಂಥ ವರ್ಷ ದಡದಲ್ಲೇ ಕೈಮುಗಿದು ಮರಳಿ, ದತ್ತ ಜಯಂತಿಗೆ ಬನ್ನಿ. ಹರಕೆ ಕಾಯುತ್ತದೆ.

ದಾರಿಯ ಮಾತು. ಯಾದಗಿರಿಯವರಿಗೆ ಸೈದಾಪುರ, ಕೃಷ್ಣಾ ಮಾರ್ಗವಾಗಿ ರಾಯಚೂರಿಗೆ ರೈಲಿದೆ. ಅಲ್ಲಿಂದ ರಸ್ತೆಯಲ್ಲಿ, ಕುರುವಪುರಕ್ಕೆ ದಾಟುವ ಆತ್ಕೂರಿನ ದಡ. ಮಕ್ತಲ್ ಕಡೆಯಿಂದ ಹೋದರೆ ತೆಲಂಗಾಣದ ಪಂಚದೇವಪಹಾಡ. ಶಹಾಪುರದವರು ಹತ್ತಿಗುಡೂರ, ಕೊಳ್ಳೂರು, ದೇವದುರ್ಗದ ಮೇಲೆ, ಸುರಪುರದವರು ತಿಂಥಣಿ ಸೇತುವೆಯ ಮೇಲೆ ಹೋಗಬಹುದು. ನೆನಪಿಡಿ: ಕೊಳ್ಳೂರು ಸೇತುವೆಗೆ ನೀರು ಬಂದಿದೆ ಎಂದರೆ ಬೇರೆ ದಾರಿ ಹುಡುಕುವ ಅಗತ್ಯವೇ ಇಲ್ಲ. ಅದು ಮನೆಗೆ ಮರಳುವ ಸೂಚನೆ. ಪೊಲೀಸರು ಹಾಕಿದ ಬ್ಯಾರಿಕೇಡನ್ನು ಸರಿಸಿ ಬೈಕು ನುಗ್ಗಿಸಬೇಡಿ.

ಇನ್ನು ತೆಪ್ಪ. ಅದರ ತಳ ದುಂಡಗೆ, ಸೆಳವಿಗೆ ಸಿಕ್ಕರೆ ಇದ್ದಲ್ಲೇ ಸುತ್ತುತ್ತದೆ. ಭಾರ ಒಂದು ಬದಿಗೆ ಸರಿದರೆ ಆ ಬದಿಯ ಅಂಚಿನಿಂದ ನೀರು ಒಳಗೆ ಬರುತ್ತದೆ, ನೀರು ಬಂದ ಬದಿ ಇನ್ನೂ ಭಾರವಾಗುತ್ತದೆ. ಇದಕ್ಕೆಲ್ಲ ಕೆಲವೇ ಕ್ಷಣ ಸಾಕು. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲದ ಬಳಿ 13 ಮಂದಿ ಇದ್ದ ತೆಪ್ಪ ತುಂಬಿದ ಕೃಷ್ಣೆಯಲ್ಲಿ ಮಗುಚಿತು, ನಾಲ್ವರು ಕೊಚ್ಚಿಹೋದರು. ಹೊಳೆಯನ್ನು ಹುಟ್ಟಿದಾಗಿನಿಂದ ಬಲ್ಲವರ ಸೀಮೆಯಲ್ಲೇ ಹೀಗಾಯಿತು. ಪಟ್ಟಣದಿಂದ ಬಂದ ನಾವು ಇನ್ನೆಷ್ಟು ಎಚ್ಚರವಾಗಿರಬೇಕು!

ಆದ್ದರಿಂದ ಕೇಳಿ. ಹತ್ತುವ ಮುಂಚೆ ಎಷ್ಟು ಜನರಿದ್ದಾರೆ ಎಂದು ನೀವೇ ಎಣಿಸಿ. ಹೆಚ್ಚೆನಿಸಿದರೆ ಇಳಿದು ಮುಂದಿನ ಸರತಿಗೆ ಕಾಯಿರಿ, ಮನೆಮಂದಿಯೆಲ್ಲ ಒಂದೇ ತೆಪ್ಪದಲ್ಲಿ ಹೋಗಲೇಬೇಕೆಂದು ಹಟ ಹಿಡಿಯಬೇಡಿ. ಜೀವರಕ್ಷಕ ಜಾಕೆಟ್ ಕೊಟ್ಟರೆ ಹಾಕಿಕೊಳ್ಳಿ, ಕೊಡದಿದ್ದರೆ ಕೇಳಿ, ಇಲ್ಲವೆಂದರೆ ಮಕ್ಕಳನ್ನು ಹತ್ತಿಸಬೇಡಿ. ಖಾಲಿ ಕ್ಯಾನು ಜಾಕೆಟ್ಟಿನ ಕೆಲಸ ಮಾಡುವುದಿಲ್ಲ. ನಡುಹೊಳೆಯಲ್ಲಿ ಎದ್ದು ನಿಲ್ಲಬೇಡಿ, ಫೋಟೊಗೆಂದು ಎಲ್ಲರೂ ಒಂದೇ ಅಂಚಿಗೆ ಬಾಗಬೇಡಿ. ಬೈಕು ಏರಿಸಿದ ತೆಪ್ಪದಲ್ಲಿ ಕೂರಬೇಡಿ. ಕುಡಿದವರ ಜೊತೆ ದಾಟಬೇಡಿ, ಆತ ನಿಮ್ಮ ಗೆಳೆಯನಾದರೂ ಸರಿ. ಕತ್ತಲಾದ ಮೇಲೆ ಹೊಳೆಗಿಳಿಯಬೇಡಿ. ಸಂಜೆ ತಡವಾದರೆ ಗಡ್ಡಿಯಲ್ಲೇ ರಾತ್ರಿ ಕಳೆಯಿರಿ. ಅಂಬಿಗ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಹೆಚ್ಚು ದುಡ್ಡಿನ ಆಸೆ ತೋರಿಸಿ ಅವನನ್ನು ಒಪ್ಪಿಸುವುದು ಅವನ ಜೀವಕ್ಕೂ ಬೆಲೆ ಕಟ್ಟಿದ ಹಾಗೆ.

ಈಜು ಬರುತ್ತದೆ ಎಂದು ಹೊಳೆಗೆ ಹಾರಬೇಡಿ. ಈ ಹೊಳೆಯಲ್ಲಿ ಮೊಸಳೆಗಳಿವೆ. ಬಿಸಿಲಿಗೆ ಮರಳಿನ ಮೇಲೆ ಬಿದ್ದುಕೊಂಡದ್ದು ಕಂಡರೆ ಕಲ್ಲು ಎಸೆಯುವುದಾಗಲಿ ಹತ್ತಿರ ಹೋಗುವುದಾಗಲಿ ಕೂಡದು. ಸ್ನಾನಕ್ಕೆ ಊರಿನವರು ತೋರಿಸಿದ ಘಟ್ಟದಲ್ಲೇ, ಮೊಣಕಾಲುದ್ದದ ನೀರಿನಲ್ಲಿ, ತಂಬಿಗೆಯಿಂದ ಮೀಯಿರಿ. ನಾರಾಯಣಪುರದ ಛಾಯಾ ಭಗವತಿಗೆ ಹೋದವರು ಮೆಟ್ಟಿಲ ಕೆಳಗಿನ ಬಂಡೆಗಳಿಗೆ ಇಳಿಯಬಾರದು. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅಲ್ಲಿ ಗುಡಿಯನ್ನೇ ಹೊಳೆ ಸುತ್ತುವರಿಯುತ್ತದೆ. ಸೈರನ್ ಕೇಳಿದೊಡನೆ ಬಟ್ಟೆ, ಚಪ್ಪಲಿ, ಬುತ್ತಿ ಎಲ್ಲ ಬಿಟ್ಟು ಮೇಲೇರಿ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ಈ ಮಾತು: ಗಡ್ಡಿ ಎಂದರೆ ಯಾರದೋ ಊರು. ಕಕ್ಕೇರಾ ಬಳಿಯ ನೀಲಕಂಠರಾಯನಗಡ್ಡಿಯ ಹೆಸರು 2014ರಲ್ಲಿ ಜಗತ್ತಿಗೆಲ್ಲ ಕೇಳಿತು. ದಿನ ತುಂಬಿದ ಬಸುರಿಯೊಬ್ಬಳು ಒಣ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತುಂಬಿ ಹರಿಯುವ ಕೃಷ್ಣೆಯನ್ನು ಈಜಿ ದಾಟಿದಳು. ಹೆರಿಗೆಗೆ ಆಸ್ಪತ್ರೆ ಆಚೆ ದಡದಲ್ಲಿತ್ತು. ಸಾಹಸ ಎಂದು ಎಲ್ಲರೂ ಬರೆದರು. ಅವಳಿಗೆ ಬೇರೆ ದಾರಿ ಇರಲಿಲ್ಲ ಎಂಬುದೇ ಅದರ ಒಳಗಿನ ಸಂಕಟ. ಆಮೇಲೆ ಅಲ್ಲಿಗೆ ಸೇತುವೆ ಬಂತು. ದೊಡ್ಡ ಪ್ರವಾಹಕ್ಕೆ ಗಡ್ಡಿ ಈಗಲೂ ಒಂಟಿಯಾಗುತ್ತದೆ.

ಅಂಥ ಊರಿಗೆ ಕ್ಯಾಮೆರಾ ಹಿಡಿದು ಹೋಗಿ, ಬುರುಡೆ ಕಟ್ಟಿಕೊಂಡು ಈಜಿ ತೋರಿಸಿ ಎಂದು ಯಾರನ್ನೂ ಕೇಳಬೇಡಿ. ನೂರು ರೂಪಾಯಿ ಕೊಟ್ಟು ಮಕ್ಕಳನ್ನು ನೀರಿಗೆ ಇಳಿಸುವುದು ಪಾಪದ ಕೆಲಸ, ಬೇರೆ ಮಾತಿಲ್ಲ. ಯಾವುದೇ ಗಡ್ಡಿಯ ತೆಪ್ಪದಲ್ಲಿ ಮೊದಲ ಜಾಗ ಅಲ್ಲಿಯವರದು: ಆಸ್ಪತ್ರೆಗೆ ಹೊರಟವರು, ಶಾಲೆಯ ಮಕ್ಕಳು, ಹಾಲು ತರಕಾರಿ ಮಾರಲು ಹೋಗುವವರು ಹತ್ತಿದ ಮೇಲೆ ನೀವು. ಹೊಲದ ಬದುವಿನಲ್ಲಿ ನಡೆಯಿರಿ, ಬೆಳೆ ತುಳಿಯಬೇಡಿ. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ವಾಪಸ್ ತನ್ನಿ, ಗಡ್ಡಿಯ ಕಸ ಒಯ್ಯಲು ಯಾವ ಗಾಡಿಯೂ ಬರುವುದಿಲ್ಲ. ಗುಡಿಗಳ ಉಡುಪಿನ ನಿಯಮ ಆಯಾ ಗುಡಿಯವರು ಹೇಳಿದಂತೆ.

ಕುಡಿಯುವ ನೀರು, ನಿತ್ಯದ ಗುಳಿಗೆ ಒಂದು ದಿನಕ್ಕೆ ಹೆಚ್ಚಾಗಿಯೇ ಇರಲಿ. ಹೊಳೆ ಏರಿದರೆ ಅಂದೇ ಮರಳಲಾಗುವುದಿಲ್ಲ. ತುಂಬು ಬಸುರಿಯರು, ಎದೆನೋವಿನ ರೋಗಿಗಳು ಗಡ್ಡಿಗೆ ಹೋಗದಿರುವುದೇ ಮೇಲು.

ತೆಪ್ಪ ಮಗುಚಿತೆಂದರೆ ಅದನ್ನೇ ಬಿಗಿಯಾಗಿ ಹಿಡಿದುಕೊಳ್ಳಿ, ಅದು ತೇಲುತ್ತದೆ. ಸೆಳವಿಗೆ ಎದುರಾಗಿ ಈಜಿ ದಣಿಯಬೇಡಿ. ದಡದಲ್ಲಿರುವವರು ನೀರಿಗೆ ಹಾರದೆ ಹಗ್ಗ, ಗಳ, ಸೀರೆ ಏನು ಸಿಕ್ಕರೂ ಎಸೆದು ಎಳೆಯಬೇಕು, ಕೂಡಲೇ 112ಕ್ಕೆ ಕರೆ ಮಾಡಬೇಕು, ಆಂಬುಲೆನ್ಸ್‌ಗೆ 108. ದಾಟುವ ಮುಂಚೆ ಎಲ್ಲರ ಹೆಸರು, ಮೊಬೈಲ್ ನಂಬರು, ಮರಳುವ ಹೊತ್ತು ಬರೆದ ಚೀಟಿಯನ್ನು ದಡದಲ್ಲಿ ಉಳಿಯುವ ಚಾಲಕನ ಕೈಗೆ ಕೊಡಿ. ಆ ಹೊತ್ತು ಮೀರಿ ಅರ್ಧ ಗಂಟೆಯಾದರೂ ನೀವು ಬರದಿದ್ದರೆ ಯಾರಿಗೆ ಫೋನು ಮಾಡಬೇಕೆಂಬುದನ್ನೂ ಅದರಲ್ಲೇ ಬರೆದಿಡಿ.