ಸಮೀಕ್ಷೆಯಲ್ಲಿ ನಿಮ್ಮ ಗಾಡಿಯ ಹೆಸರಿದೆಯೇ?

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಬಳಿ ಸಂಜೆ ಗೋಬಿ ಮಂಚೂರಿ, ಪಾವ್ ಭಾಜಿ ಮಾರುವವರು, ಭಾನುವಾರದ ಸಂತೆಯಲ್ಲಿ ಭಜಿ ಕರಿಯುವವರು, ಅಂಕೋಲಾ ಪೇಟೆಯಲ್ಲಿ ಚಹಾದ ಗಾಡಿ ನಿಲ್ಲಿಸುವವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಲೈಸೆನ್ಸ್ ಎಲ್ಲಿ ಸಿಗುತ್ತದೆ? ನೆಲಬಾಡಿಗೆಯ ರಸೀದಿಯನ್ನೇ ಲೈಸೆನ್ಸ್ ಎಂದುಕೊಂಡವರೂ ಇದ್ದಾರೆ. ಆ ದಿನ ಹಣ ಕಟ್ಟಿದ್ದಕ್ಕೆ ರಸೀದಿ ಸಾಕ್ಷಿ, ಅಷ್ಟೇ. ಹಾಗೆಂದು ಅದನ್ನು ಎಸೆಯಬೇಡಿ. ಇದೇ ಜಾಗದಲ್ಲಿ ಇಷ್ಟು ದಿನದಿಂದ ವ್ಯಾಪಾರ ಮಾಡುತ್ತಿದ್ದೇನೆ ಎಂದು ತೋರಿಸಲು ಹಳೆಯ ರಸೀದಿಗಳ ಕಂತೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ನಿಮಗೆ ಹಕ್ಕು ಕೊಡುವ ಕಾಗದದ ಹೆಸರು ವ್ಯಾಪಾರ ಪ್ರಮಾಣಪತ್ರ. ಅದರ ಜೊತೆಗೆ ಗುರುತಿನ ಚೀಟಿಯೂ ಸಿಗುತ್ತದೆ.

ಇದಕ್ಕೆ ಆಧಾರ 2014ರ ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಕಾಯ್ದೆ. ರಸ್ತೆ ಬದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನದ 19ನೇ ವಿಧಿ ರಕ್ಷಿಸುವ ವೃತ್ತಿಯೇ, ಅದಕ್ಕೆ ಸಮಂಜಸ ನಿರ್ಬಂಧ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. 2010ರಲ್ಲಿ ಗೈಂದಾ ರಾಮ್ ಪ್ರಕರಣದಲ್ಲಿ, ಇದಕ್ಕೊಂದು ಕಾನೂನು ತನ್ನಿ ಎಂದು ಸರ್ಕಾರಕ್ಕೆ ಗಡುವು ಕೊಟ್ಟಿತು. ಕಾಯ್ದೆ 2014ರ ಮೇ 1ರಂದು ಜಾರಿಗೆ ಬಂತು. ತಿಂಡಿ ಮಾರುವವರು, ಹೊತ್ತು ತಿರುಗಿ ಮಾರುವವರು, ಚಾಪೆ ಹಾಸಿ ಕೂರುವವರು ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಈ ಕಾಯ್ದೆಯಲ್ಲಿ ಎಲ್ಲದಕ್ಕೂ ಬಾಗಿಲು ಸಮೀಕ್ಷೆ. ಕನಿಷ್ಠ ಐದು ವರ್ಷಕ್ಕೊಮ್ಮೆ ಪಟ್ಟಣ ವ್ಯಾಪಾರ ಸಮಿತಿ ಊರಿನ ಎಲ್ಲ ಬೀದಿ ವ್ಯಾಪಾರಿಗಳನ್ನು ಎಣಿಸಲೇಬೇಕು. ಎಣಿಕೆಗೆ ಸಿಕ್ಕವರಿಗೆ ಪ್ರಮಾಣಪತ್ರ ಕೊಡಬೇಕು. ವಾರ್ಡ್, ವಲಯ ಅಥವಾ ಪಟ್ಟಣದ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಅವರಿಗೆ ವ್ಯಾಪಾರ ವಲಯದಲ್ಲಿ ಜಾಗ ಮಾಡಿಕೊಡಬೇಕು. ಅಂದರೆ 10,000 ಜನರಿಗೆ 250 ವ್ಯಾಪಾರಿಗಳು. 3ನೇ ಕಲಮಿನ ಇನ್ನೊಂದು ಮಾತನ್ನು ಪ್ರತಿ ವ್ಯಾಪಾರಿಯೂ ನೆನಪಿಟ್ಟುಕೊಳ್ಳಬೇಕು: ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಸ್ಥಳಾಂತರಿಸುವಂತಿಲ್ಲ.

ಹಾಗಾಗಿ ಕಾರವಾರದವರು ನಗರಸಭೆಗೆ, ಅಂಕೋಲಾದವರು ಪುರಸಭೆಗೆ ಹೋದಾಗ ಮೊದಲು ಕೇಳಬೇಕಾದದ್ದು, ಸಮೀಕ್ಷೆ ಕೊನೆಯ ಬಾರಿ ನಡೆದದ್ದು ಯಾವಾಗ, ಪಟ್ಟಿಯಲ್ಲಿ ನನ್ನ ಹೆಸರಿದೆಯೇ ಎಂದು. ಬಾಯಿಮಾತಿನ ಉತ್ತರ ನಂಬಿ ಹಿಂತಿರುಗಬೇಡಿ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. ಎರಡು ಸಮೀಕ್ಷೆಗಳ ನಡುವೆ ಹೊಸದಾಗಿ ಗಾಡಿ ಇಡಲು ಬಯಸುವವರಿಗೂ ದಾರಿ ಇದೆ. ವಲಯದಲ್ಲಿ ಜಾಗ ಉಳಿದಿದ್ದರೆ ಸಮಿತಿ ಪ್ರಮಾಣಪತ್ರ ನೀಡಬಹುದು. ಗುರುತಿನ ದಾಖಲೆ, ಫೋಟೊ, ಏನು ಮಾರುತ್ತೀರಿ, ಎಲ್ಲಿ, ಯಾವ ಹೊತ್ತಿಗೆ ಎಂಬ ವಿವರ ಇರುವ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟರೂ ಕೊಡದ ಹಾಗೆ.

ಸಮಿತಿ ಎಂದರೆ ಅಧಿಕಾರಿಗಳ ಕೂಟ ಎಂದು ತಿಳಿಯಬೇಡಿ. ಕಾರವಾರದಲ್ಲಿ ಪೌರಾಯುಕ್ತರು, ಅಂಕೋಲಾದಲ್ಲಿ ಮುಖ್ಯಾಧಿಕಾರಿ ಅಧ್ಯಕ್ಷರಾಗಬೇಕಾದ ಈ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ, ವ್ಯಾಪಾರಿಗಳಿಂದಲೇ ಆಯ್ಕೆಯಾದವರು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಕಾಯ್ದೆಯ ಅತ್ಯಂತ ಬೆಲೆಬಾಳುವ ಭಾಗ ಇದೇ ಎಂಬುದು ನನ್ನ ನಂಬಿಕೆ. ಎಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಮಾಡಬಾರದು ಎಂದು ಚರ್ಚೆಯಾಗುವಾಗ ಬುಟ್ಟಿ ಹೊತ್ತು ಬರುವ ಹೆಂಗಸು ಆ ಕೋಣೆಯಲ್ಲಿ ಕುಳಿತಿರಬೇಕು. ಅಂಕೋಲಾ ಪೇಟೆಗೆ ತರಕಾರಿಯನ್ನೂ ಬೇಸಿಗೆಯಲ್ಲಿ ಕರಿ ಇಶಾಡ ಮಾವನ್ನೂ ತರುವ ಹಾಲಕ್ಕಿ ಸಮುದಾಯದ ಹೆಂಗಸರು ಸುತ್ತಲಿನ ಹಳ್ಳಿಗಳವರು. ಕಾಯ್ದೆ ನೋಡುವುದು ನೀವು ಎಲ್ಲಿ ಮಾರುತ್ತೀರಿ ಎಂಬುದನ್ನು. ಮನೆ ಹಳ್ಳಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಹೆಸರು ಬರೆದುಕೊಳ್ಳದಿದ್ದರೆ ಒಪ್ಪಬೇಡಿ.

ಪ್ರಮಾಣಪತ್ರಕ್ಕೆ ಷರತ್ತುಗಳಿವೆ. ನೀವೇ ಅಥವಾ ಮನೆಯವರು ವ್ಯಾಪಾರ ಮಾಡಬೇಕು, ಬೇರೆ ಜೀವನೋಪಾಯ ಇರಬಾರದು, ಜಾಗವನ್ನಾಗಲಿ ಪತ್ರವನ್ನಾಗಲಿ ಬಾಡಿಗೆಗೆ ಕೊಡಬಾರದು. ಈ ಕೊನೆಯದು ಕಟ್ಟುನಿಟ್ಟಾಗಿಯೇ ಇರಬೇಕು. ಒಬ್ಬರು ನಾಲ್ಕು ಜಾಗ ಹಿಡಿದು ಬಾಡಿಗೆ ಎತ್ತಿದರೆ ನಿಜವಾಗಿ ಬೇಕಾದವರು ಹೊರಗುಳಿಯುತ್ತಾರೆ. ವ್ಯಾಪಾರಿ ತೀರಿಕೊಂಡರೆ, ಕಾಯಿಲೆ ಬಿದ್ದರೆ, ಶಾಶ್ವತ ಅಂಗವೈಕಲ್ಯ ಬಂದರೆ, ಪತ್ರದ ಅವಧಿ ಇರುವವರೆಗೆ ಮೊದಲು ಗಂಡ ಅಥವಾ ಹೆಂಡತಿ, ನಂತರ ಅವಲಂಬಿತ ಮಕ್ಕಳು ವ್ಯಾಪಾರ ಮುಂದುವರಿಸಬಹುದು.

ಪತ್ರದಲ್ಲಿ ಹೇಳಿದ ಜಾಗದಿಂದ ಎಬ್ಬಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಆ ಅವಧಿ ಮುಗಿದರೂ ಜಾಗ ಬಿಡದಿದ್ದರೆ ದಿನಕ್ಕೆ 250 ರೂಪಾಯಿವರೆಗೆ ದಂಡ ಹಾಕಬಹುದು, ಸಾಮಾನನ್ನೂ ವಶಪಡಿಸಿಕೊಳ್ಳಬಹುದು. ಆಗ ಸಾಮಾನಿನ ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿಯನ್ನು ನಿಮ್ಮ ಕೈಗೆ ಕೊಡಲೇಬೇಕು. ನಿಗದಿತ ಶುಲ್ಕ ಕಟ್ಟಿ ಕೇಳಿದರೆ ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಮೀನು, ಮೊಸರು, ಕಲಸಿದ ಹಿಟ್ಟು ಇಟ್ಟುಕೊಂಡ ತಿಂಡಿಯವರಿಗೆ ಈ ‘ಅದೇ ದಿನ’ ಎಂಬ ಮಾತು ಪ್ರಾಣ. ಅಧಿಕಾರಿಗಳು ಪಟ್ಟಿ ಕೊಡದೆ ಸಾಮಾನನ್ನು ತಮ್ಮ ವಾಹನಕ್ಕೆ ತುಂಬಿದರೆ ಮೊಬೈಲಿನಲ್ಲಿ ಫೋಟೊ ತೆಗೆದು, ಅಂದೇ ಲಿಖಿತ ದೂರು ಕೊಡಿ. ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಪೊಲೀಸರೂ ತಡೆಯುವಂತಿಲ್ಲ ಎಂದು 27ನೇ ಕಲಂ ಹೇಳುತ್ತದೆ. ಪತ್ರ ರದ್ದು ಮಾಡುವ ಮೊದಲೂ ನಿಮ್ಮ ಅಹವಾಲು ಕೇಳಬೇಕು.

ತಿಂಡಿ ಮಾರುವವರು ಇನ್ನೊಂದು ಕಾಗದದ ಬಗ್ಗೆಯೂ ವಿಚಾರಿಸಬೇಕು, ಅದು ಆಹಾರ ಸುರಕ್ಷತಾ ನೋಂದಣಿ. ಇದಕ್ಕೆ ಅರ್ಜಿ ಹಾಕುವುದು ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕೋಸ್ ಜಾಲತಾಣದಲ್ಲಿ. 2011ರ ನಿಯಮಾವಳಿ ಇದಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿತ್ತು. ತಿರುಗಾಡಿ ಮಾರುವವರಿಗೆ 2024ರಲ್ಲಿ ಅದನ್ನೂ ಮನ್ನಾ ಮಾಡಲಾಯಿತು. ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಡುವ ಅಗತ್ಯ ಇಲ್ಲವೇ ಇಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ, ಮೀನಿನದೂ ಸೇರಿ ಕಬಾಬ್‌ಗೆ ಹಾಕುವುದನ್ನು ಅದೇ ವರ್ಷದ ಜೂನ್‌ನಲ್ಲಿ ನಿಷೇಧಿಸಿದೆ. ಕಡಲತೀರಕ್ಕೆ ಬರುವ ಮಕ್ಕಳು ತಿನ್ನುವ ತಿಂಡಿ ಇದು. ದಂಡದ ಭಯಕ್ಕಿಂತ ಆ ಮಕ್ಕಳಿಗಾಗಿ ಬಣ್ಣ ಬಿಡಿ. ಗಾಡಿಗೆ ಮನೆಬಳಕೆಯ ಸಿಲಿಂಡರ್ ಹಚ್ಚುವುದೂ ನಿಯಮಕ್ಕೆ ವಿರುದ್ಧ.

ಕಾಯ್ದೆಗೆ ಗಡಿಯೂ ಇದೆ. ರೈಲ್ವೆ ಜಾಗಕ್ಕೆ ಅದು ಅನ್ವಯಿಸುವುದಿಲ್ಲ. ನಗರಸಭೆ, ಪುರಸಭೆಯ ಹೊರಗೆ ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ರಾಷ್ಟ್ರೀಯ ಹೆದ್ದಾರಿಯ ಜಾಗಕ್ಕೆ 2002ರ ಹೆದ್ದಾರಿ ಭೂಮಿ ನಿಯಂತ್ರಣ ಕಾಯ್ದೆ ಬೇರೆಯೇ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬವನ್ನು ಮಣ್ಣು ನುಂಗಿತು. ಕತ್ತರಿಸಿದ ಗುಡ್ಡದ ಕೆಳಗೆ, ಯಾವ ಅನುಮತಿ ಇದ್ದರೂ, ದಯವಿಟ್ಟು ಒಲೆ ಹಚ್ಚಬೇಡಿ.

ಪ್ರಮಾಣಪತ್ರ ಇದ್ದವರಿಗೆ, ಬೀದಿ ವ್ಯಾಪಾರಿಗಳಿಗಾಗಿಯೇ ಇರುವ ಕೇಂದ್ರದ ಪಿಎಂ ಸ್ವನಿಧಿ ಯೋಜನೆಯ ಸಾಲ ಸುಲಭ. 2025ರ ಪರಿಷ್ಕರಣೆಯ ನಂತರ ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000 ರೂಪಾಯಿ, ಅಡಮಾನ ಬೇಡ. ಸಮೀಕ್ಷೆಯಲ್ಲಿ ತಪ್ಪಿಹೋದವರು, ಹಳ್ಳಿಯಿಂದ ಬಂದು ಮಾರುವವರು ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಪಡೆದು ಅರ್ಜಿ ಹಾಕಬಹುದು. ಆ ಶಿಫಾರಸು ಪತ್ರದ ಪ್ರತಿಯನ್ನೂ ಜೋಪಾನ ಮಾಡಿ. ಮುಂದಿನ ಸಮೀಕ್ಷೆಗೆ ಅದೂ ದಾಖಲೆ.

ಎಲ್ಲೂ ಉತ್ತರ ಸಿಗದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ಅಂಕೋಲಾ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಹೋಗುವಾಗ ಸ್ವೀಕೃತಿ ಮುದ್ರೆಯ ಅರ್ಜಿ, ರಸೀದಿಗಳ ಕಂತೆ, ಬಂದಿದ್ದರೆ ನೋಟಿಸ್, ಇವಿಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.