ಸ್ಕೀಮ್ ಭಾಷೆಯ ಐಚ್ಛಿಕ ಸೌಲಭ್ಯಗಳೂ ಕನ್ನಡದ ಅಕ್ಷರಗಳೂ

'ಕನ್ನಡ' ಎಂಬ ಪದದಲ್ಲಿ ಅಕ್ಷರಗಳೆಷ್ಟು? ಛಂದಸ್ಸನ್ನು ಓದಿದವರು ಮೂರು ಎನ್ನುತ್ತಾರೆ. ಯೂನಿಕೋಡ್ ಪದ್ಧತಿಯಲ್ಲಿ ಕ, ನ, ಹಲಂತ ಚಿಹ್ನೆ, ನ, ಡ ಎಂದು 5 ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಪ್ರತಿ ಸಂಕೇತಕ್ಕೆ 3ರಂತೆ 15 ಬೈಟ್‌ಗಳು. ಕಾವ್ಯದ ಗಣವಿಂಗಡಣೆಗೆ ಗಣಕವನ್ನು ಬಳಸುವವರು ಈ ಭೇದವನ್ನು ಅರಿಯದಿದ್ದರೆ ಫಲಿತಾಂಶವೇ ತಪ್ಪುತ್ತದೆ.

ಸ್ಕೀಮ್ 1975ರಲ್ಲಿ ಅಮೆರಿಕದ ಎಂಐಟಿಯಲ್ಲಿ ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ಅವರು ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ. ಅದನ್ನು ಗಣಕದಲ್ಲಿ ನಡೆಸಿಕೊಡುವ ತಂತ್ರಾಂಶಗಳು, ಅಂದರೆ ಅನುಷ್ಠಾನಗಳು, ಹಲವು: ಗೈಲ್, ಚಿಕನ್, ಗ್ಯಾಂಬಿಟ್, ಚಿಬಿ ಮೊದಲಾದವು. 2013ರ ಆರ್7ಆರ್‌ಎಸ್ ಮಾನಕವು ಎಲ್ಲ ಅನುಷ್ಠಾನಗಳಿಗೂ ಆಸ್ಕಿ ಅಕ್ಷರಗಳನ್ನಷ್ಟೇ ಕಡ್ಡಾಯಗೊಳಿಸಿದೆ. ಕನ್ನಡವೂ ಸೇರಿದ ಉಳಿದ ಲಿಪಿಗಳು ಐಚ್ಛಿಕ. ಸಂಪೂರ್ಣ ಬೆಂಬಲವಿರುವ ಅನುಷ್ಠಾನವು 'ಫುಲ್-ಯೂನಿಕೋಡ್' ಎಂಬ ಹೆಸರಿನಿಂದ ಅದನ್ನು ಘೋಷಿಸುತ್ತದೆ.

ವ್ಯಾಕರಣದ ವಿಕಲ್ಪದಲ್ಲಿ ಎರಡು ರೂಪಗಳೂ ಸಾಧು, ಆಯ್ಕೆ ಪ್ರಯೋಗಿಸುವವನದು. ಇಲ್ಲಿ ಹಾಗಲ್ಲ. ಆಯ್ಕೆ ಅನುಷ್ಠಾನವನ್ನು ರಚಿಸಿದವರದು. ಪ್ರೋಗ್ರಾಂ ಬರೆಯುವವನು ಕೇಳಿ ತಿಳಿಯಬೇಕು.

ಕೇಳುವ ಸಾಧನವೇ 'ಕಾಂಡ್-ಎಕ್ಸ್‌ಪ್ಯಾಂಡ್'. 1999ರಲ್ಲಿ ಎಸ್‌ಆರ್‌ಎಫ್‌ಐ-0 ಎಂಬ ಪ್ರಸ್ತಾವವಾಗಿ ಅಂಗೀಕೃತವಾದ ಇದು ಮುಂದೆ ಆರ್7ಆರ್‌ಎಸ್‌ನಲ್ಲಿ ಸೇರಿತು. ಇದರಲ್ಲಿ ಒಂದೊಂದು ಷರತ್ತಿಗೆ ಒಂದೊಂದು ಭಾಗವಿರುತ್ತದೆ. ಷರತ್ತುಗಳನ್ನು 'ಮತ್ತು', 'ಅಥವಾ', 'ಅಲ್ಲ' ಎಂಬರ್ಥದ ಪದಗಳಿಂದ ಜೋಡಿಸಬಹುದು. ನಿರ್ದಿಷ್ಟ ಗ್ರಂಥಾಲಯವಿದೆಯೇ ಎಂದೂ ವಿಚಾರಿಸಬಹುದು. ಮೊದಲು ಹೊಂದಿದ ಭಾಗವೊಂದೇ ಪ್ರೋಗ್ರಾಮಿನಲ್ಲಿ ಉಳಿಯುತ್ತದೆ.

ಸಾಮಾನ್ಯ 'ಇಫ್' ಏಕೆ ಸಾಲದು? ಅದು ನಿರ್ಣಯಿಸುವುದು ಪ್ರೋಗ್ರಾಂ ನಡೆಯುವಾಗ. ಇಲ್ಲದ ಗ್ರಂಥಾಲಯವನ್ನು ಕರೆದಿದ್ದರೆ ಅಷ್ಟರೊಳಗೇ ಕೆಲಸ ನಿಂತಿರುತ್ತದೆ. ಕಾಂಡ್-ಎಕ್ಸ್‌ಪ್ಯಾಂಡ್ ಅದಕ್ಕೂ ಮುನ್ನವೇ ನಿರ್ಣಯಿಸುತ್ತದೆ.

ಕೊನೆಯಲ್ಲಿ 'ಎಲ್ಸ್' ಭಾಗವನ್ನು ಬರೆಯಲೇಬೇಕು. ಸೌಲಭ್ಯವಿಲ್ಲದಿದ್ದಾಗ ಬದಲಿ ವಿಧಾನವನ್ನು ಅಲ್ಲಿ ಕೊಡಬಹುದು. ಸಾಧ್ಯವಾಗದಿದ್ದರೆ ದೋಷಸೂಚನೆ ನೀಡಿ ನಿಲ್ಲಿಸಬೇಕು. ಮೌನವಾಗಿ 15 ಎಂದು ಎಣಿಸುವ ಪ್ರೋಗ್ರಾಮಿಗಿಂತ 'ಇಲ್ಲಿ ಕನ್ನಡಕ್ಕೆ ಬೆಂಬಲವಿಲ್ಲ' ಎಂದು ಹೇಳಿ ನಿಲ್ಲುವ ಪ್ರೋಗ್ರಾಂ ಲೇಸು.

ಇನ್ನೊಂದು ಎಚ್ಚರ ಅಗತ್ಯ. ಫುಲ್-ಯೂನಿಕೋಡ್ ಇದ್ದರೂ ದೊರೆಯುವ ಉತ್ತರ 5, ಮೂರಲ್ಲ. ಒತ್ತಕ್ಷರವನ್ನೂ ಗುಣಿತಾಕ್ಷರವನ್ನೂ ಒಂದೇ ಅಕ್ಷರವಾಗಿ ಗಣಿಸುವ ನಿಯಮವನ್ನು ಪ್ರತ್ಯೇಕವಾಗಿ ಬರೆಯಬೇಕು. ಅದಕ್ಕೆ ಬೇಕಾದುದು ಕನ್ನಡ ವ್ಯಾಕರಣದ ತಿಳಿವಳಿಕೆ. ಭಾಷಾವಿದ್ಯಾರ್ಥಿಯ ಪಾತ್ರ ಆರಂಭವಾಗುವುದು ಅಲ್ಲಿಯೇ.

ಅಭ್ಯಾಸ
1. 'ಶಾಸ್ತ್ರ' ಪದದ ಅಕ್ಷರ, ಸಂಕೇತ ಮತ್ತು ಬೈಟ್‌ಗಳನ್ನು ಎಣಿಸಿರಿ. (ಉತ್ತರ: 2, 7, 21)
2. ವ್ಯಾಕರಣದ ವಿಕಲ್ಪಕ್ಕೂ ಸ್ಕೀಮ್‌ನ ಐಚ್ಛಿಕ ಸೌಲಭ್ಯಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ.